ವಿದ್ಯಾವಿನಿಮಯ: ಚಾಂಗ್‌ಆನ್ ನಗರದ ಒಂದು ಪ್ರಾಚೀನ ನಿದರ್ಶನ

ಒಂದು ದೇಶದ ವಿದ್ಯಾರ್ಥಿಯು ಮತ್ತೊಂದು ದೇಶಕ್ಕೆ ತೆರಳಿ, ಅಲ್ಲಿ ಕೆಲಕಾಲ ನೆಲೆಸಿ, ಅಧ್ಯಯನ ಮಾಡಿ ಮರಳುವ ಪದ್ಧತಿಯನ್ನು ವಿದ್ಯಾರ್ಥಿವಿನಿಮಯವೆಂದು ಕರೆಯುವರು. ಇದು ಪಾಶ್ಚಾತ್ಯರಿಂದ ಬಂದ ನೂತನ ಕ್ರಮವೆಂದು ಅನೇಕರ ಭಾವನೆ. ಏಷ್ಯಾಖಂಡದ ಇತಿಹಾಸವನ್ನು ಅವಲೋಕಿಸಿದರೆ ಆ ಭಾವನೆಯು ಸರಿಯಲ್ಲವೆಂಬುದು ವಿದಿತವಾಗುವುದು. ಪರದೇಶದಲ್ಲಿ ಓದುವವನನ್ನು ಜಪಾನೀಯರು ಇಂದಿಗೂ ‘ರ್ಯೂಗಾಕುಸೇಯ್’ ಎನ್ನುವರು; ‘ತಂಗಿದ್ದು ಕಲಿಯುವವನು’ ಎಂದು ಅದರ ಅರ್ಥ. ಸಾವಿರದ ಇನ್ನೂರು ವರ್ಷಗಳ ಹಿಂದೆಯೂ ಇಂತಹ ವಿದ್ಯಾರ್ಥಿಗಳನ್ನು ಇದೇ ಅಕ್ಷರಗಳಿಂದ ಬರೆಯುತ್ತಿದ್ದರು. ಅಂದು ಅವರು ತಂಗುತ್ತಿದ್ದುದು ಚೀನಾದ ತಾಂಗ್ ಅರಸರ ರಾಜಧಾನಿಯಾದ ಚಾಂಗ್‌ಆನ್ ನಗರದಲ್ಲಿ. ಅದೇ ಇಂದಿನ ಷಿಯಾನ್.

ಆ ಕಾಲಕ್ಕೆ ಜಗತ್ತಿನ ಮಹಾನಗರಗಳಲ್ಲಿ ಚಾಂಗ್‌ಆನ್‌ಗೆ ಅಗ್ರಸ್ಥಾನವಿದ್ದಿತು. ಕೋಟೆಯೊಳಗಿನ ವಿಸ್ತಾರವು ಸುಮಾರು 84 ಚದರ ಕಿಲೋಮೀಟರು. ಜನಸಂಖ್ಯೆಯು 10 ಲಕ್ಷದಷ್ಟಿದ್ದಿತೆಂದು ವಿದ್ವಾಂಸರ ಅಂದಾಜು. ನೇರವಾದ ಬೀದಿಗಳ ನಡುವೆ ನೂರಕ್ಕೂ ಮಿಕ್ಕ ಕೇರಿಗಳು, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಪೇಟೆ, ಪಾರಸೀಕರು, ತುರುಷ್ಕರು, ಕೊರಿಯನ್ನರು, ಭಾರತೀಯರು! ಕನ್ನಡಿಗರಿಗೂ ಈ ನಗರದ ಸಂಬಂಧವುಂಟು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಹ್ಯೂಯೆನ್‌ತ್ಸಾಂಗನು 645ರಲ್ಲಿ ಮರಳಿ ಬಂದುದು ಇಲ್ಲಿಗೇ. ಅವನು ಹೊತ್ತು ತಂದ ಗ್ರಂಥಗಳ ರಕ್ಷಣೆಗಾಗಿ 652ರಲ್ಲಿ ಎತ್ತಿದ ಗೋಪುರವು ಪುನರ್ನಿರ್ಮಾಣಗೊಂಡು ಇಂದಿಗೂ ಅಲ್ಲಿ ನಿಂತಿದೆ.

ಅಲ್ಲಿಗೆ ಹೋಗುವುದು ಸುಲಭಸಾಧ್ಯವಾಗಿರಲಿಲ್ಲ. ದೂತಮಂಡಲಿಯ ಹಡಗುಗಳಲ್ಲಿ ಹೊರಟ ವಿದ್ಯಾರ್ಥಿಯು ಸಮುದ್ರಕ್ಕೆ ಪ್ರಾಣವನ್ನು ಒಪ್ಪಿಸಿಯೇ ಹೊರಡಬೇಕಿತ್ತು. 717ರಲ್ಲಿ ಹೊರಟ ಆಬೆ ನೊ ನಕಮಾರೊ ಎಂಬ ತರುಣನು ಚಾಂಗ್‌ಆನ್‌ನಲ್ಲಿ ಓದಿ ರಾಜಸೇವೆಗೆ ಸೇರಿದನು. 753ರಲ್ಲಿ ಸ್ವದೇಶಕ್ಕೆ ಹೊರಟಾಗ ಬಿರುಗಾಳಿಗೆ ಸಿಕ್ಕಿ, ಅವನ ಹಡಗು ಇಂದಿನ ವಿಯೆಟ್ನಾಮಿನ ಕಡೆಗೆ ಕೊಚ್ಚಿಹೋಯಿತು. ಹೇಗೋ ಬದುಕಿ ಮತ್ತೆ ಚಾಂಗ್‌ಆನ್ ಸೇರಿದ ಅವನು 770ರಲ್ಲಿ ಅಲ್ಲಿಯೇ ಮರಣಹೊಂದಿದನು. ಹತ್ತೊಂಬತ್ತರ ಹರೆಯದಲ್ಲಿ ಬಿಟ್ಟ ತಾಯ್ನೆಲವನ್ನು ಅವನು ಮತ್ತೆ ಕಾಣಲಿಲ್ಲ.

804ರಲ್ಲಿ ಹೊರಟ ನಾಲ್ಕು ಹಡಗುಗಳಲ್ಲಿ ಚೀನಾವನ್ನು ಮುಟ್ಟಿದವು ಎರಡೇ. ಅವುಗಳಲ್ಲೊಂದರಲ್ಲಿ ಕೂಕಾಯ್ ಎಂಬ ಮೂವತ್ತರ ವಯಸ್ಸಿನ ಯತಿಗಳಿದ್ದರು. ಅವರಿಗೆ ವಿಧಿಸಿದ್ದ ಅಧ್ಯಯನದ ಅವಧಿ 20 ವರ್ಷ. 34 ದಿನ ತೇಲಾಡಿದ ಹಡಗು ದಿಕ್ಕುತಪ್ಪಿ ದಕ್ಷಿಣದ ತೀರಕ್ಕೆ ತಾಗಿತು. ಅಲ್ಲಿನ ಅಧಿಕಾರಿಗಳು ಸಂಶಯಪಟ್ಟು ತಡೆದಾಗ ರಾಯಭಾರಿಯ ಪರವಾಗಿ ಕೂಕಾಯ್ ಒಂದು ಬಿನ್ನವತ್ತಳೆಯನ್ನು ಬರೆದರು. ಆ ಚೀನೀ ಗದ್ಯದ ಪ್ರೌಢಿಮೆಯನ್ನು ಕಂಡು ಅಧಿಕಾರಿಗಳ ಮನಸ್ಸು ತಿರುಗಿತೆಂದು ಪ್ರತೀತಿ. ಪರದೇಶಕ್ಕೆ ಹೋಗುವವನು ಅಲ್ಲಿಯ ಭಾಷೆಯನ್ನು ಮೊದಲೇ ಸಾಧಿಸಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಗರವನ್ನು ಸೇರಿದ ಮೇಲೆ ಕೂಕಾಯ್ ಸಂಸ್ಕೃತವನ್ನು ಕಲಿತರು. ಕಲಿಸಿದವರಲ್ಲಿ ಒಬ್ಬರು ನಾಲಂದದಲ್ಲಿ ಓದಿದ್ದ ಪ್ರಜ್ಞರೆಂಬ ಭಾರತೀಯ ಭಿಕ್ಷುಗಳು. ಮುದುಕರಾಗಿದ್ದ ಅವರು ತಮ್ಮ ಬಳಿಯಿದ್ದ ಸಂಸ್ಕೃತ ಹಸ್ತಪ್ರತಿಗಳನ್ನೇ ಈ ಶಿಷ್ಯನ ಕೈಗಿತ್ತರು. ಇಂತಹ ಅಧ್ಯಯನಪರಂಪರೆಯ ಫಲವು ಜಪಾನಿನ ಎಲ್ಲ ಮಕ್ಕಳ ನಾಲಗೆಯ ಮೇಲೆ ಇಂದಿಗೂ ಇದೆ. ಅವರ ಅಕ್ಷರಮಾಲೆಯು ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಮುಂದುವರಿಯುವುದು. ಚಕಾರದ ಸ್ಥಾನದಲ್ಲಿ ಸಕಾರವೂ ಪಕಾರದ ಸ್ಥಾನದಲ್ಲಿ ಹಕಾರವೂ ನಿಂತಿರುವುದನ್ನು ಗಮನಿಸಿದರೆ, ಇದು ನಮ್ಮ ವರ್ಣಮಾಲೆಯ ಕ್ರಮವೇ ಎಂದು ಓದುಗರಿಗೆ ಹೊಳೆಯದಿರದು.

805ರಲ್ಲಿ ಕೂಕಾಯ್ ನೀಲನಾಗವಿಹಾರದ ಆಚಾರ್ಯ ಹುಯ್‌ಗುವೋ ಅವರನ್ನು ಕಂಡರು. ತಾನು ಬಹುಕಾಲದಿಂದ ಕಾದಿದ್ದ ಶಿಷ್ಯನು ಇವನೇ ಎಂದು ಗುರುಗಳು ಸಂತೋಷಪಟ್ಟರೆಂದು ಕೂಕಾಯ್ ಬರೆದಿಟ್ಟಿದ್ದಾರೆ. ಮೂರೇ ತಿಂಗಳಲ್ಲಿ ಮಂತ್ರಶಾಸ್ತ್ರದ ದೀಕ್ಷೆಗಳೆಲ್ಲ ದೊರೆತವು. ಆ ಚಳಿಗಾಲದಲ್ಲಿ ಗುರುಗಳು ದೇಹವಿಟ್ಟರು. ಸಾವಿರಾರು ಶಿಷ್ಯರಿದ್ದರೂ ಅವರ ಸಮಾಧಿಯ ಶಾಸನವನ್ನು ರಚಿಸುವ ಭಾಗ್ಯವು ಈ ಪರದೇಶದ ವಿದ್ಯಾರ್ಥಿಗೆ ಒದಗಿತು. ಸ್ವದೇಶಕ್ಕೆ ಮರಳಿ ವಿದ್ಯೆಯನ್ನು ಹರಡೆಂಬುದೇ ಗುರುಗಳ ಕಡೆಯ ಆದೇಶವಾಗಿತ್ತು. 20 ವರ್ಷದ ಅವಧಿಯನ್ನು ಮುರಿದು, 216 ಗ್ರಂಥಗಳ 461 ಸುರುಳಿಗಳೊಡನೆ 806ರಲ್ಲಿಯೇ ಅವರು ಹಿಂದಿರುಗಿದರು. ಅವಧಿಭಂಗವು ಅಪರಾಧವೆಂಬುದನ್ನು ಅರಿತೇ ಹಾಗೆ ಮಾಡಿದರು. ಸುಮಾರು ಮೂರು ವರ್ಷ ಅವರಿಗೆ ರಾಜಧಾನಿಯ ಪ್ರವೇಶವು ದೊರೆಯಲಿಲ್ಲ.

ನಮ್ಮಂತಹ ಸಂಸ್ಥೆಗಳು ವಿಶೇಷವಾಗಿ ಮನನ ಮಾಡಬೇಕಾದುದು ಮುಂದಿನ ಸಂಗತಿ. ಚಾಂಗ್‌ಆನ್‌ನ ಕೇರಿಕೇರಿಗಳಲ್ಲಿ ಶಾಲೆಗಳಿದ್ದುದನ್ನು ಕೂಕಾಯ್ ಕಂಡಿದ್ದರು. ತಮ್ಮ ರಾಜಧಾನಿಯಲ್ಲಿದ್ದ ಒಂದೇ ವಿದ್ಯಾಲಯದ ಬಾಗಿಲು ಬಡವರ ಮಕ್ಕಳಿಗೆ ಮುಚ್ಚಿದಂತೆಯೇ ಇತ್ತು. 828ರಲ್ಲಿ, ಶ್ರೀಮಂತರೊಬ್ಬರು ದಾನವಿತ್ತ ಮನೆಯಲ್ಲಿ, ಕುಲಭೇದವಿಲ್ಲದೆ ಎಲ್ಲರೂ ಓದಬಹುದಾದ ಶಾಲೆಯನ್ನು ಅವರು ತೆರೆದರು. ಗುರುಗಳಿಗೂ ಶಿಷ್ಯರಿಗೂ ಅಲ್ಲಿಯೇ ಊಟದ ಏರ್ಪಾಡು. ಹಸಿದವನು ಓದಲಾರನು, ಓದಿಸಲಾರನು ಎಂಬುದನ್ನು ಅವರು ಬಲ್ಲವರಾಗಿದ್ದರು. ದಾಸೋಹದ ಅನ್ನವುಂಡು ಅಕ್ಷರ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ 835ರಲ್ಲಿ ಕೂಕಾಯ್ ಕಾಲವಾದ ಬಳಿಕ ಹತ್ತು ವರ್ಷಗಳಷ್ಟರಲ್ಲಿ, ನಡೆಸುವವರಿಲ್ಲದೆ, ಆ ಶಾಲೆಯು ಮುಚ್ಚಿತು. ಸ್ಥಾಪಕರ ಪುಣ್ಯವೊಂದರಿಂದಲೇ ಶಾಲೆಯು ನಡೆಯುವುದಿಲ್ಲ.

845ರಲ್ಲಿ ಚಾಂಗ್‌ಆನ್‌ನಲ್ಲಿ ಬೌದ್ಧವಿಹಾರಗಳು ಅರಸನ ಆಜ್ಞೆಯಿಂದ ನಾಶವಾದವು. ಹುಯ್‌ಗುವೋ ಅವರ ಪರಂಪರೆಯು ಕ್ರಮೇಣ ಅಲ್ಲಿ ಅಳಿಯಿತು. ಕೂಕಾಯ್ ನೆಲೆಗೊಳಿಸಿದ ಕೋಯಾ ಪರ್ವತದಲ್ಲಿ ಉಳಿಯಿತು. 1920ರ ದಶಕದಲ್ಲಿ ಚೀನಾದ ಕೆಲವು ಭಿಕ್ಷುಗಳು ಆ ಪರ್ವತಕ್ಕೆ ಹೋಗಿ, ತಮ್ಮ ದೇಶವು ಕಳೆದುಕೊಂಡ ವಿದ್ಯೆಯನ್ನು ಶಿಷ್ಯರಾಗಿ ಕಲಿತು ಮರಳಿದರು. 1982ರಲ್ಲಿ ನೀಲನಾಗವಿಹಾರದ ನೆಲದಲ್ಲಿ ಕೂಕಾಯ್ ಅವರ ಸ್ಮಾರಕವು ನಿಂತಿತು. ಕೊಟ್ಟ ವಿದ್ಯೆಯು ಕೊಟ್ಟವರ ಮನೆಗೇ ಮರಳಲು ಸಾವಿರದ ನೂರು ವರ್ಷ ಹಿಡಿಯಿತು. ವಿನಿಮಯವೆಂಬ ಮಾತಿಗೆ ಇದೇ ನಿಜವಾದ ಅರ್ಥವಲ್ಲವೇ?

ನಮ್ಮ ಮಕ್ಕಳು ಟೋಕಿಯೋ, ಸಿಂಗಪುರ ಮೊದಲಾದ ನಗರಗಳಿಗೆ ಓದಲು ಹೋಗುವ ಕಾಲವಿದು. ಹೋಗಲಿ, ಬೆಳೆಯಲಿ. ಎಷ್ಟು ವರ್ಷ ಇದ್ದು ಬಂದೆ ಎಂದು ಅವರನ್ನು ಕೇಳುವುದು ಬೇಡ. ಕಲಿತುದನ್ನು ಯಾರಿಗೆ ಕಲಿಸಿದೆ ಎಂದು ಕೇಳೋಣ. ಅವರು ಕಲಿಸಬಂದಾಗ ಇಲ್ಲಿಯ ಶಾಲೆಯ ಬಾಗಿಲು ತೆರೆದಿರುವಂತೆಯೂ ಒಲೆಯ ಬೆಂಕಿಯು ಆರದಿರುವಂತೆಯೂ ನೋಡಿಕೊಳ್ಳುವುದು ಉಳಿದವರೆಲ್ಲರ ಹೊಣೆ.