ಡ್ರಮ್ಮಿನೊಳಗೆ ಇಣುಕಿ ನೋಡುವುದೇಕೆ?

“ನಮ್ಮ ಧರ್ಮಪುರದಲ್ಲಿ ಮಳೆಯೇ ಕಡಿಮೆ, ಇಲ್ಲಿಗೆಲ್ಲಿ ಬರುತ್ತೆ ಡೆಂಗಿ?” ಎಂದು ಗೆಳೆಯರು ಹೇಳುವುದನ್ನು ಕೇಳಿದ್ದೇನೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆಗಿಂತ ಮನೆಯಲ್ಲಿ ಕೂಡಿಟ್ಟ ತಿಳಿನೀರೇ ಇಷ್ಟ. ನೀರಿಗೆ ತತ್ವಾರವಿರುವ ಸೀಮೆಯವರಾದ ನಾವು ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ನೀರು ತುಂಬಿಡುತ್ತೇವೆ. ಅದೇ ಸೊಳ್ಳೆಗೆ ತವರುಮನೆ.

ಆಶಾ ಕಾರ್ಯಕರ್ತೆಯರು ಡ್ರಮ್ಮಿನೊಳಗೆ ನೋಡಲು ಬಂದಾಗ, “ಹೋದ ವಾರ ತಾನೆ ನೋಡಿದ್ರಲ್ಲಕ್ಕಾ, ಮತ್ತೆ ಯಾಕೆ?” ಎಂದು ಕೇಳುವವರಿದ್ದಾರೆ. ಮೊಟ್ಟೆ ಒಡೆದು, ಲಾರ್ವಾ, ಪ್ಯೂಪಾ ಆಗಿ, ರೆಕ್ಕೆ ಬಂದು ಹಾರಲು ಸುಮಾರು 8ರಿಂದ 10 ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ ನೋಡಬೇಕು, ವಾರಕ್ಕೊಮ್ಮೆ ನೀರು ಖಾಲಿ ಮಾಡಬೇಕು. ಬರೀ ಚೆಲ್ಲಿದರೆ ಸಾಲದು. ನೀರಿನಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಒಳಗೋಡೆಯನ್ನು ಉಜ್ಜಿ ತೊಳೆದು, ಒಣಗಿಸಿ, ಮತ್ತೆ ತುಂಬಿ ಬಿಗಿಯಾಗಿ ಮುಚ್ಚಬೇಕು.

ಕಾರ್ಯಕರ್ತೆಯರು ಬರೆದುಕೊಳ್ಳುವ ಲೆಕ್ಕಕ್ಕೂ ಅರ್ಥವಿದೆ. ನೋಡಿದ 100 ಮನೆಗಳಲ್ಲಿ 10 ಮನೆಗಳಲ್ಲಿ ಲಾರ್ವಾ ಸಿಕ್ಕರೆ ಅಲ್ಲಿನ ‘ಹೌಸ್ ಇಂಡೆಕ್ಸ್’ 10. ಯಾವ ಬೀದಿಯಲ್ಲಿ ಇದು ಏರುತ್ತಿದೆಯೋ ಅಲ್ಲಿ ಜ್ವರ ಕಾಣಿಸುವ ಮೊದಲೇ ಕೆಲಸ ಶುರುಮಾಡಬಹುದು. ಬಾಗಿಲು ತೆರೆಯದ ಮನೆ ಈ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಅಲ್ಲಿ ಹುಟ್ಟಿದ ಸೊಳ್ಳೆ ಮಾತ್ರ ಪಕ್ಕದ ಮನೆಯ ಮಗುವನ್ನೂ ಕಚ್ಚುತ್ತದೆ.

ಇನ್ನು ಜ್ವರದ ಮಾತು. ಡೆಂಗಿ ರೋಗಿಯನ್ನು ಕಚ್ಚಿದ ಸೊಳ್ಳೆ ತಕ್ಷಣ ರೋಗ ಹರಡುವುದಿಲ್ಲ. ವೈರಸ್ ಅದರ ಮೈಯಲ್ಲಿ ಬೆಳೆಯಲು ಸುಮಾರು 8ರಿಂದ 12 ದಿನ ಬೇಕು. ಆಮೇಲೆ ಬದುಕಿರುವಷ್ಟು ದಿನವೂ ಹರಡುತ್ತದೆ. ಜ್ವರ ಬಂದ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ಈ ಗಡುವಿನೊಳಗೆ ಸುತ್ತಲಿನ ಮನೆಗಳನ್ನು ಪರೀಕ್ಷಿಸಬಹುದು. ರೋಗಿ ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಬೇಕು, ಏಕೆಂದರೆ ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಮಾಡಿತು. ದಂಡಕ್ಕೆ ಹೆದರಿ ಮಾಡುವ ಕೆಲಸವಲ್ಲ ಇದು. ಶುಕ್ರವಾರವೋ ಭಾನುವಾರವೋ, ವಾರದಲ್ಲೊಂದು ದಿನ ಗೊತ್ತುಮಾಡಿಕೊಳ್ಳೋಣ. ಮನೆಯ ಡ್ರಮ್ಮು, ಮಸೀದಿಯ ವುಜೂ ತೊಟ್ಟಿ, ಕಾಲೇಜಿನ ಟ್ಯಾಂಕು, ಹಿತ್ತಲಿನ ಹಳೇ ಟೈರು, ಎಲ್ಲವನ್ನೂ ಒಮ್ಮೆ ಇಣುಕಿ ನೋಡೋಣ.