ಬಾವಿಗೆ ಬ್ಲೀಚಿಂಗ್ ಪುಡಿ: ಅಳೆದು ಹಾಕಿ, ಪರೀಕ್ಷಿಸಿ ಕುಡಿಯಿರಿ



ಮಳೆಗಾಲದಲ್ಲಿ ಕೊಚ್ಚೆ ನೀರು ಬಾವಿಗೆ ಇಳಿಯುತ್ತದೆ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆ ಇಂಥ ನೀರಿನಿಂದಲೇ ಮನೆ ಹೊಗುತ್ತವೆ. ಬ್ಲೀಚಿಂಗ್ ಪುಡಿಯನ್ನು ಹಿಡಿಗಟ್ಟಲೆ ಎರಚಿದರೆ ಸಾಲದು. ಕಡಮೆಯಾದರೆ ರೋಗಾಣು ಸಾಯವು; ಹೆಚ್ಚಾದರೆ ವಾಸನೆಗೆ ಬೇಸತ್ತು ಜನ ಕೆರೆಯ ನೀರಿಗೆ ಹೋಗುತ್ತಾರೆ.

ಅಳತೆ: ದುಂಡು ಬಾವಿಯ ಅಡ್ಡಗಲವನ್ನೂ ನೀರಿನ ಆಳವನ್ನೂ ಮೀಟರಿನಲ್ಲಿ ಅಳೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಬಂದುದನ್ನು ಆಳದಿಂದಲೂ ಆಮೇಲೆ 785ರಿಂದಲೂ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ತಿಳಿಯುತ್ತದೆ. ಅಗಲ 2 ಮೀಟರ್, ನೀರು 3 ಮೀಟರ್ ಇದ್ದರೆ 9,420 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಂ. ಈ ಬಾವಿಗೆ ಸುಮಾರು 24 ಗ್ರಾಂ. ನೀರು ಬಗ್ಗಡವಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಕ್ರಮ: ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನಿಂದ ಕಲಸಿ, ಮುಕ್ಕಾಲು ಭಾಗ ನೀರು ತುಂಬಿ ಕದಡಿ. ಹತ್ತು ನಿಮಿಷದಲ್ಲಿ ಸುಣ್ಣ ತಳಕ್ಕೆ ಇಳಿಯುತ್ತದೆ. ಅದನ್ನು ಬಾವಿಗೆ ಹಾಕಬೇಡಿ, ನೀರು ಗಡುಸಾಗುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ, ಬಾವಿಗೆ ಇಳಿಬಿಟ್ಟು, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕುವುದು ಅನುಕೂಲ.

ಪರೀಕ್ಷೆ: ಗಂಟೆಯ ಮೇಲೆ ನೀರು ತೆಗೆದು ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆಯಿಂದ ಬಣ್ಣ ನೋಡಿರಿ. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದಕ್ಕಿಂತ ಕಡಮೆಯಿದ್ದರೆ ಇನ್ನಷ್ಟು ತಿಳಿ ಹಾಕಿ, ಮತ್ತೆ ಗಂಟೆ ಕಾದು ಪರೀಕ್ಷಿಸಿರಿ.

ಗಾಳಿ, ಬೆಳಕು, ತೇವ ತಾಗಿದ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿರಿ.

— ಗ್ರಾಮಸೇವಕ