ಅಂಡಾಶಯದ ನೀರುಗುಳ್ಳೆ: ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು?

ಸ್ಕ್ಯಾನಿಂಗ್ ವರದಿಯಲ್ಲಿ 'ಸಿಸ್ಟ್' ಎಂಬ ಪದ ಕಂಡರೆ ಸಾಕು, ನಮ್ಮ ಕಡೆಯ ಮನೆಗಳಲ್ಲಿ ದನಿ ತಗ್ಗುತ್ತದೆ. 'ಗೆಡ್ಡೆಯಂತೆ' ಎಂದು ಒಬ್ಬರು, 'ಹೊರಗೆ ಹೇಳಬೇಡಿ, ಮದುವೆಗೆ ತೊಡಕಾದೀತು' ಎಂದು ಇನ್ನೊಬ್ಬರು. ಕಳೆದ ಮಳೆಗಾಲದಲ್ಲಿ ಮೊಮ್ಮಗಳ ವರದಿ ಹಿಡಿದು ಸಾಗರದ ಡಾಕ್ಟರ ಮುಂದೆ ಕುಳಿತವನು ನಾನು. ಬ್ಯಾಂಕಿನ ಗುಮಾಸ್ತನಾಗಿದ್ದವನಿಗೆ ಬಾಬ್ತುಗಳನ್ನು ಬೇರೆ ಬೇರೆ ಮಾಡದೆ ಸಮಾಧಾನವಿಲ್ಲ. ಅವರು ಹೇಳಿದ್ದನ್ನು ಹಾಗೇ ವಿಂಗಡಿಸಿ ಬರೆದುಕೊಂಡೆ.

ಸಿಸ್ಟ್ ಎಂದರೆ ಸಾಮಾನ್ಯವಾಗಿ ದ್ರವ ತುಂಬಿದ ಚೀಲ. ತಿಂಗಳು ತಿಂಗಳೂ ಅಂಡವೊಂದು ಪುಟ್ಟ ಕೋಶದೊಳಗೆ ಬಲಿತು, ಕೋಶ ಒಡೆದು ಹೊರಬರುತ್ತದೆ. ಕೋಶ ಒಡೆಯದೆ ಹಿಗ್ಗಿದರೆ ಫಾಲಿಕ್ಯುಲರ್ ಸಿಸ್ಟ್. ಒಡೆದದ್ದು ಮುಚ್ಚಿಕೊಂಡು ನೀರೋ ರಕ್ತವೋ ತುಂಬಿದರೆ ಕಾರ್ಪಸ್ ಲೂಟಿಯಂ ಸಿಸ್ಟ್. ಇವು ಸಸ್ಪೆನ್ಸ್ ಅಕೌಂಟಿನ ಬಾಬ್ತುಗಳಂತೆ. ಹೆಚ್ಚಿನವು ಎರಡು ಮೂರು ತಿಂಗಳಲ್ಲಿ ತಾವೇ ಚುಕ್ತಾ ಆಗುತ್ತವೆ. ಮೊಮ್ಮಗಳದ್ದು ಇದೇ ಜಾತಿ.

ತಾವಾಗಿ ಹೋಗದವೂ ಇವೆ. ಡರ್ಮಾಯ್ಡ್‌ನೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲೂ ಇರುತ್ತದೆ. ಮಾಟವಲ್ಲ, ಅಂಡದ ಮೂಲ ಜೀವಕೋಶಕ್ಕೆ ಯಾವ ಅಂಗಾಂಶವಾಗಿಯೂ ಬೆಳೆಯುವ ಶಕ್ತಿಯಿದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ಬೆಳೆದು ಹಳೆಯ ರಕ್ತ ನಿಂತರೆ 'ಚಾಕೊಲೇಟ್ ಸಿಸ್ಟ್'. ಮುಟ್ಟಿನ ನೋವು ವಿಪರೀತವಿರಬಹುದು. ಸಿಸ್ಟಡಿನೋಮಾ ಬಹಳ ದೊಡ್ಡದಾಗಬಲ್ಲದು.

1809ರಲ್ಲಿ, ಅರಿವಳಿಕೆಯೇ ಇಲ್ಲದ ಕಾಲದಲ್ಲಿ, ಅಮೆರಿಕದ ಕೆಂಟಕಿಯ ವೈದ್ಯ ಎಫ್ರೈಮ್ ಮ್ಯಾಕ್‌ಡೊವೆಲ್ ಅವರು ಜೇನ್ ಕ್ರಾಫರ್ಡ್ ಎಂಬಾಕೆಯ ಅಂಡಾಶಯದಿಂದ ಸುಮಾರು 10 ಕಿಲೋ ಗೆಡ್ಡೆ ತೆಗೆದರು. ಆಕೆ ಮತ್ತೆ 32 ವರ್ಷ ಬದುಕಿದರು. ಇಂದು ಅನೇಕ ಸಿಸ್ಟ್‌ಗಳನ್ನು ಸಣ್ಣ ರಂಧ್ರಗಳ ಮೂಲಕ, ಲ್ಯಾಪರೊಸ್ಕೋಪಿಯಲ್ಲಿ ತೆಗೆಯುತ್ತಾರೆ.

ಪಿಸಿಓಎಸ್ ಬೇರೆಯೇ ಲೆಕ್ಕ. ಅಲ್ಲಿ ಕಾಣುವವು ಪೂರ್ತಿ ಬಲಿಯದೆ ನಿಂತ ಸಣ್ಣ ಕೋಶಗಳು. ಮೂಲ ಹಾರ್ಮೋನಿನ ಏರುಪೇರು.

ಎರಡು ಸಂದರ್ಭಗಳಲ್ಲಿ ಮಾತ್ರ ಉದಾಸೀನ ಸಲ್ಲದು. ಒಂದು, ಕೆಳಹೊಟ್ಟೆಯ ಒಂದು ಕಡೆ ಹಠಾತ್ತನೆ ತಡೆಯಲಾರದ ನೋವು, ಜೊತೆಗೆ ವಾಂತಿ. ಅಂಡಾಶಯ ತಿರುಚಿಕೊಂಡು ರಕ್ತಸಂಚಾರ ನಿಂತಿರಬಹುದು. ತಡವಾದಷ್ಟೂ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಹೊಸನಗರದ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಕಷಾಯ ಕುಡಿಸಿ ಬೆಳಗಿನ ಬಸ್ಸಿಗೆ ಕಾಯುವ ರೂಢಿ ಇಲ್ಲಿ ಬೇಡ. ರಾತ್ರಿಯೇ 108ಕ್ಕೆ ಫೋನ್ ಮಾಡಿ. ಎರಡು, ಮುಟ್ಟು ನಿಂತ ಮೇಲೆ ಕಂಡ ಸಿಸ್ಟ್, ಅಥವಾ ಹೋಗದ ಹೊಟ್ಟೆಯುಬ್ಬರ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಪರೀಕ್ಷೆ ಬೇಕೇ ಬೇಕು.

ಮನೆಯ ಗಂಡಸರಿಗೊಂದು ಮಾತು: 'ಹೆಂಗಸರ ಸಮಾಚಾರ' ಎಂದು ಆಸ್ಪತ್ರೆಯ ಹೊರಗೆ ನಿಲ್ಲಬೇಡಿ. ಅವರು ಒಪ್ಪಿದರೆ ಒಳಗೆ ಹೋಗಿ ಮೂರು ಪ್ರಶ್ನೆ ಕೇಳಿ: ಯಾವ ಬಗೆಯದು? ಎಷ್ಟು ಸೆಂಟಿಮೀಟರ್? ಮುಂದಿನ ಸ್ಕ್ಯಾನ್ ಯಾವಾಗ? ಉತ್ತರವನ್ನು ಬರೆದಿಟ್ಟುಕೊಳ್ಳಿ. ಅರ್ಧ ಭಯ ಅಲ್ಲೇ ಕಳೆಯುತ್ತದೆ.